ಎಣ್ಣೆಗೆ ಇಳಿಯದ ಸಕ್ಕರೆ

ಹೊಟ್ಟೆ ಉಬ್ಬರಕ್ಕೆ ಹೆದರಿ ಹಸಿ ತರಕಾರಿಯನ್ನೇ ಬಿಟ್ಟವರು ನಮ್ಮಲ್ಲಿ ಕಡಿಮೆಯಿಲ್ಲ. ಸೌತೆಕಾಯಿ ವಾಯು ಮಾಡುತ್ತದೆ, ಕ್ಯಾರೆಟ್ ಅರಗುವುದಿಲ್ಲ, ಹಸಿ ಸೊಪ್ಪು ಹೊಟ್ಟೆಗೆ ಆಗಿಬರುವುದಿಲ್ಲ ಎಂದು ಒಂದೊಂದರ ಮೇಲೂ ತಪ್ಪು ಹೊರಿಸಿ ತಟ್ಟೆಯಿಂದ ಆಚೆಗಿಡುತ್ತಾರೆ. ವೈದ್ಯರು ಐಬಿಎಸ್ ಎಂದು ಕರೆಯುವ ಇರಿಟಬಲ್ ಬವೆಲ್ ಸಿಂಡ್ರೋಮ್ ಇದ್ದವರಲ್ಲಂತೂ ಹೀಗೆ ಬಿಟ್ಟ ಪದಾರ್ಥಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತದೆ. ಆದರೆ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ತಜ್ಞರು ಆಹಾರ ಪದಾರ್ಥಗಳನ್ನು ಒಂದೊಂದಾಗಿ ಪ್ರಯೋಗಾಲಯದಲ್ಲಿ ಅಳೆದು ಮಾಡಿರುವ ಪಟ್ಟಿಯಲ್ಲಿ ಲೆಟಿಸ್, ಕ್ಯಾರೆಟ್, ಮಿತವಾದ ಸೌತೆಕಾಯಿ, ಕೊತ್ತಂಬರಿ ಸೊಪ್ಪು ಎಲ್ಲವೂ ಹಸಿರು ಬಣ್ಣದಲ್ಲಿವೆ, ಅಂದರೆ ತಿನ್ನಬಹುದಾದವು. ಹಾಗಾದರೆ ಸಲಾಡ್ ತಿಂದ ಎರಡು ಗಂಟೆಗೆ ಹೊಟ್ಟೆ ತಮಟೆಯಾಗುವುದು ಏಕೆ? ಬಹಳ ಸಲ ಉತ್ತರ ಇರುವುದು ತರಕಾರಿಯ ಮೇಲೆ ಸುರಿದ ಎರಡು ಚಮಚ ಡ್ರೆಸಿಂಗ್‌ನಲ್ಲಿ. ಅದನ್ನು ಆರಿಸುವಾಗ ಜನ ಕೇಳುವ ಪ್ರಶ್ನೆಗಳೇ, ಅಂದರೆ ಇದರಲ್ಲಿ ಕೊಬ್ಬು ಎಷ್ಟು, ಸಕ್ಕರೆ ಹಾಕಿದ್ದಾರೋ ಜೇನೋ, ಇದು ನೈಸರ್ಗಿಕವೋ ಎಂಬವೇ ದಾರಿ ತಪ್ಪಿಸುತ್ತವೆ. ಕೇಳಬೇಕಾದ ಪ್ರಶ್ನೆ ಒಂದೇ: ಈ ಡ್ರೆಸಿಂಗ್‌ನ ನೀರಿನ ಅಂಶದಲ್ಲಿ ಏನು ಕರಗಿದೆ?

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊನಾಶ್‌ನ ಜಠರಗರುಳಿನ ತಜ್ಞ ಪೀಟರ್ ಗಿಬ್ಸನ್ ಮತ್ತು ಆಹಾರತಜ್ಞೆ ಸೂ ಶೆಫರ್ಡ್ 2005ರಲ್ಲಿ ಒಂದು ಲೇಖನದಲ್ಲಿ ಫಾಡ್‌ಮ್ಯಾಪ್ ಎಂಬ ಹೆಸರನ್ನು ಬಳಕೆಗೆ ತಂದರು. ಸಣ್ಣಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗದೆ ಮುಂದಕ್ಕೆ ಸಾಗುವ ಕೆಲವು ಬಗೆಯ ಸಕ್ಕರೆಗಳಿಗೆ ಒಟ್ಟಾಗಿ ಇಟ್ಟ ಹೆಸರದು. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್, ಬೇಳೆಕಾಳುಗಳ ಗ್ಯಾಲಕ್ಟೊ-ಆಲಿಗೊಸ್ಯಾಕರೈಡ್, ಹಾಲಿನ ಲ್ಯಾಕ್ಟೋಸ್, ಜೇನು ಮತ್ತು ಮಾವಿನಂಥ ಹಣ್ಣುಗಳಲ್ಲಿ ಗ್ಲೂಕೋಸ್‌ಗಿಂತ ಹೆಚ್ಚಾಗಿರುವ ಫ್ರಕ್ಟೋಸ್, ಸಕ್ಕರೆರಹಿತ ಎಂದು ಮಾರುವ ತಿನಿಸುಗಳಲ್ಲಿನ ಸಾರ್ಬಿಟಾಲ್, ಮ್ಯಾನಿಟಾಲ್ ಇವೆಲ್ಲ ಆ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಕೆಲವು ಕರುಳಿನೊಳಕ್ಕೆ ನೀರನ್ನು ಎಳೆಯುತ್ತವೆ; ಕೆಲವು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಅನಿಲ ಹುಟ್ಟಿಸುತ್ತವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತರಿಗೆ ಬೇರೆಬೇರೆ ಸಕ್ಕರೆ ಕರಗಿಸಿದ ನೀರು ಕುಡಿಸಿ ಎಂಆರ್‌ಐ ಯಂತ್ರದಲ್ಲಿ ಹೊಟ್ಟೆಯ ಚಿತ್ರ ತೆಗೆದರು. ಫ್ರಕ್ಟೋಸ್ ಕುಡಿದಾಗ ಸಣ್ಣಕರುಳಿನಲ್ಲಿ ನೀರು ಹೆಚ್ಚಿತು. ಫ್ರಕ್ಟಾನ್ ಜಾತಿಯ ಇನ್ಯುಲಿನ್ ಕುಡಿದಾಗ ದೊಡ್ಡಕರುಳಿನಲ್ಲಿ ಗ್ಯಾಸ್ ತುಂಬಿತು. ಅಂದರೆ ಈ ನೀರು, ಈ ಗ್ಯಾಸ್ ಎಲ್ಲರ ಹೊಟ್ಟೆಯಲ್ಲೂ ಆಗುತ್ತದೆ. ಐಬಿಎಸ್ ಇದ್ದವರ ಕರುಳಿನ ನರಗಳು ಹೆಚ್ಚು ಸೂಕ್ಷ್ಮವಾಗಿರುವುದರಿಂದ, ಬೇರೆಯವರಿಗೆ ಗೊತ್ತೇ ಆಗದ ಅದೇ ಹಿಗ್ಗುವಿಕೆ ಅವರಿಗೆ ನೋವಾಗಿ ಕಾಡುತ್ತದೆ.

ಫಾಡ್‌ಮ್ಯಾಪ್ ತಗ್ಗಿಸಿದ ಆಹಾರಕ್ರಮ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬುದಕ್ಕೂ ಪರೀಕ್ಷೆ ನಡೆದಿದೆ. ಮೊನಾಶ್ ತಂಡ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಐಬಿಎಸ್ ಇದ್ದ 30 ಜನರಿಗೆ 21 ದಿನ ಕಡಿಮೆ ಫಾಡ್‌ಮ್ಯಾಪ್ ಊಟ, ಇನ್ನೊಂದು 21 ದಿನ ಸಾಮಾನ್ಯ ಆಸ್ಟ್ರೇಲಿಯನ್ ಊಟ ಕೊಟ್ಟರು. ಬಹುಪಾಲು ಊಟವನ್ನು ತಾವೇ ಸಿದ್ಧಪಡಿಸಿ ಒದಗಿಸಿದ್ದರಿಂದ ಯಾರು ಏನು ತಿಂದರು ಎಂಬ ಗೊಂದಲ ಕಡಿಮೆಯಿತ್ತು. ನೂರರ ಅಳತೆಯಲ್ಲಿ ಹೊಟ್ಟೆಯ ತೊಂದರೆಯ ಅಂಕ ಸಾಮಾನ್ಯ ಊಟದಲ್ಲಿ ಸುಮಾರು 45 ಇದ್ದದ್ದು ಕಡಿಮೆ ಫಾಡ್‌ಮ್ಯಾಪ್ ಊಟದಲ್ಲಿ ಸುಮಾರು 23ಕ್ಕೆ ಇಳಿಯಿತು. ಅಮೆರಿಕದ ಜಠರಗರುಳು ವೈದ್ಯರ ಕಾಲೇಜು 2021ರ ತನ್ನ ಮಾರ್ಗಸೂಚಿಯಲ್ಲಿ ಐಬಿಎಸ್ ರೋಗಿಗಳು ಈ ಕ್ರಮವನ್ನು ಸೀಮಿತ ಅವಧಿಗೆ ಮಾಡಿ ನೋಡಬಹುದೆಂದು ಶಿಫಾರಸು ಮಾಡಿತು. ಸೀಮಿತ ಅವಧಿ ಎಂಬ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇನ್ನು ಡ್ರೆಸಿಂಗ್. ಇಲ್ಲಿ ಬರುವ ಮೊದಲ ಆಕ್ಷೇಪ ಪ್ರಮಾಣದ್ದು: ಒಂದು ಬಟ್ಟಲು ತರಕಾರಿಗೆ ಎರಡು ಚಮಚ ಡ್ರೆಸಿಂಗ್, ಅದರಲ್ಲಿ ಚೂರು ಬೆಳ್ಳುಳ್ಳಿ, ಅಷ್ಟಕ್ಕೆ ಇಷ್ಟು ರಾದ್ಧಾಂತವೇ? ಲೆಕ್ಕ ಹಾಕಿ ನೋಡೋಣ. ಮೊನಾಶ್ ಪ್ರಯೋಗಾಲಯ 2007ರಲ್ಲಿ ತರಕಾರಿ-ಹಣ್ಣುಗಳ ಫ್ರಕ್ಟಾನ್ ಅಳೆದಾಗ 100 ಗ್ರಾಂ ಹಸಿ ಬೆಳ್ಳುಳ್ಳಿಯಲ್ಲಿ ಸುಮಾರು 17 ಗ್ರಾಂ ಫ್ರಕ್ಟಾನ್ ಸಿಕ್ಕಿತು. ಒಂದು ಸಾಧಾರಣ ಎಸಳು 3 ಗ್ರಾಂ ತೂಗಿದರೆ ಅದರಲ್ಲಿ ಅರ್ಧ ಗ್ರಾಂ ಫ್ರಕ್ಟಾನ್ ಆಯಿತು. ತರಕಾರಿಯಂಥ ಪದಾರ್ಥಗಳಿಗೆ ಒಂದು ಸಲದ ಊಟಕ್ಕೆ ಅದೇ ತಂಡ ಇಟ್ಟುಕೊಂಡಿರುವ ಸುರಕ್ಷಿತ ಮಿತಿ 0.2 ಗ್ರಾಂ. ಒಂದೇ ಎಸಳು ಆ ಮಿತಿಯನ್ನು ಎರಡು ಪಟ್ಟಿಗಿಂತ ಹೆಚ್ಚು ದಾಟುತ್ತದೆ. ಬಾಟಲಿಯ ಡ್ರೆಸಿಂಗ್‌ನಲ್ಲಿ ಬಳಸುವುದು ಸಾಮಾನ್ಯವಾಗಿ ಬೆಳ್ಳುಳ್ಳಿ ಪುಡಿ. ನೀರೆಲ್ಲ ಹೋಗಿ ಉಳಿದದ್ದು ಅದು, ಹಾಗಾಗಿ ತೂಕಕ್ಕೆ ತೂಕ ಹಿಡಿದರೆ ಹಸಿಯದಕ್ಕಿಂತ ಎಷ್ಟೋ ಗಾಢ. ಡ್ರೆಸಿಂಗ್ ಚಮಚದಲ್ಲಿ ಬರುವ ವಸ್ತುವಾದ್ದರಿಂದಲೇ ಅದರ ಮೇಲೆ ಅನುಮಾನ ಬೀಳುವುದಿಲ್ಲ. ಬಟ್ಟಲು ತುಂಬ ಕಾಣುವ ಸೌತೆಕಾಯಿ ಸಿಕ್ಕಿಬೀಳುತ್ತದೆ.

ಈಗ ಇಡೀ ವಿಷಯದ ಕೀಲಿಗೆ ಬರೋಣ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬೆಳ್ಳುಳ್ಳಿಯ ಘಮವಾದರೋ ಎಣ್ಣೆಗೆ ಧಾರಾಳವಾಗಿ ಇಳಿಯುತ್ತದೆ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಕಾಯಿಸಿ ಎಸಳುಗಳನ್ನು ತೆಗೆದುಬಿಟ್ಟರೆ ರುಚಿ ಎಣ್ಣೆಯಲ್ಲಿ ಉಳಿಯುತ್ತದೆ, ಫ್ರಕ್ಟಾನ್ ಎಸಳಿನೊಂದಿಗೆ ಆಚೆ ಹೋಗುತ್ತದೆ. ಅದೇ ಬೆಳ್ಳುಳ್ಳಿಯನ್ನು ನಿಂಬೆರಸದಲ್ಲೋ ವಿನೆಗರ್‌ನಲ್ಲೋ ಮೊಸರಿನಲ್ಲೋ ಜಜ್ಜಿ ಹಾಕಿ ಹತ್ತು ನಿಮಿಷ ಬಿಟ್ಟು ಸೋಸಿದರೆ, ಚೂರು ಹೋದರೂ ಫ್ರಕ್ಟಾನ್ ದ್ರವದಲ್ಲಿ ಇಳಿದಿರುತ್ತದೆ. ಹೋಟೆಲುಗಳಲ್ಲಿ ವಿನೆಗರ್‌ನಲ್ಲಿ ನೆನೆಸಿಟ್ಟ ಕೆಂಪು ಸಾಂಬಾರ್ ಈರುಳ್ಳಿ ಕೊಡುತ್ತಾರಲ್ಲ, ಅದೂ ಇದನ್ನೇ ತೋರಿಸುತ್ತದೆ: ಚೆನ್ನಾಗಿ ನೆನೆದು ಬಸಿದ ಈರುಳ್ಳಿಯಲ್ಲಿ ಫ್ರಕ್ಟಾನ್ ಕಡಿಮೆಯಾಗಿರುತ್ತದೆ, ಏಕೆಂದರೆ ಅದು ವಿನೆಗರ್‌ಗೆ ಇಳಿದಿರುತ್ತದೆ. ಆ ವಿನೆಗರ್ ಚೆನ್ನಾಗಿದೆಯೆಂದು ಸಲಾಡ್‌ಗೆ ಸುರಿದುಕೊಂಡರೆ ಬಿಟ್ಟದ್ದೆಲ್ಲ ಮತ್ತೆ ತಟ್ಟೆಗೆ ಬಂತು. ಹಾಗಾಗಿ ಡ್ರೆಸಿಂಗ್ ನೋಡುವಾಗ ಅದನ್ನು ಮನಸ್ಸಿನಲ್ಲೇ ಎರಡು ಪಾಲು ಮಾಡಿಕೊಳ್ಳಬೇಕು. ಎಣ್ಣೆಯ ಪಾಲು ಫಾಡ್‌ಮ್ಯಾಪ್ ಮಟ್ಟಿಗೆ ನಿರಪಾಯ, ಅದು ಆಲಿವ್ ಎಣ್ಣೆಯಾಗಲಿ, ಕಡಲೆಕಾಯಿ ಎಣ್ಣೆಯಾಗಲಿ, ಎಳ್ಳೆಣ್ಣೆಯಾಗಲಿ. ತನಿಖೆ ಬೇಕಾದದ್ದು ನೀರಿನ ಪಾಲಿಗೆ.

ಈ ಕಣ್ಣಿನಿಂದ ನೋಡಿದರೆ ಅಂಗಡಿಯ ಕಪಾಟಿನಲ್ಲಿ ಆರೋಗ್ಯಕರ ಎಂದು ಮೆರೆಯುವ ಎಷ್ಟೋ ಬಾಟಲಿಗಳ ಸ್ಥಾನ ಬದಲಾಗುತ್ತದೆ. ಕೊಬ್ಬುರಹಿತ ಡ್ರೆಸಿಂಗ್ ಅಂದರೆ ಎಣ್ಣೆಯ ಪಾಲನ್ನು ತೆಗೆದು ನೀರಿನ ಪಾಲನ್ನು ಬೆಳೆಸಿದ್ದು. ಎಣ್ಣೆ ಕೊಡುತ್ತಿದ್ದ ನುಣುಪು ಮತ್ತು ರುಚಿಯನ್ನು ಬೇರೆ ಯಾವುದಾದರೂ ಕೊಡಲೇಬೇಕು. ಅದಕ್ಕಾಗಿ ಸಿಹಿ ಹೆಚ್ಚಿಸುತ್ತಾರೆ, ಬೆಳ್ಳುಳ್ಳಿ-ಈರುಳ್ಳಿ ಪುಡಿ ಹೆಚ್ಚಿಸುತ್ತಾರೆ, ಕೆಲವೊಮ್ಮೆ ಚಿಕೋರಿ ಬೇರಿನಿಂದ ತೆಗೆದ ಇನ್ಯುಲಿನ್ ಬೆರೆಸಿ ನಾರಿನಂಶವುಳ್ಳದ್ದು ಎಂದು ಮುಂಭಾಗದಲ್ಲಿ ಅಚ್ಚು ಹಾಕುತ್ತಾರೆ. ನಾಟಿಂಗ್‌ಹ್ಯಾಮ್‌ನ ಎಂಆರ್‌ಐ ಚಿತ್ರಗಳಲ್ಲಿ ದೊಡ್ಡಕರುಳನ್ನು ಗ್ಯಾಸಿನಿಂದ ತುಂಬಿದ್ದು ಇದೇ ಇನ್ಯುಲಿನ್. ಕೊಬ್ಬು ತೆಗೆದು ಪಡೆದ ಲಾಭವಾದರೂ ಏನು? ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಬಗೆಯ ಸಲಾಡ್‌ಗೆ 0, 6 ಮತ್ತು 28 ಗ್ರಾಂ ಎಣ್ಣೆಯಿದ್ದ ಡ್ರೆಸಿಂಗ್ ಹಾಕಿ ತಿನ್ನಿಸಿ ರಕ್ತ ಪರೀಕ್ಷಿಸಿದರು. ಎಣ್ಣೆಯಿಲ್ಲದ ಸಲಾಡ್ ತಿಂದವರ ರಕ್ತಕ್ಕೆ ಕ್ಯಾರೆಟ್ ಮತ್ತು ಸೊಪ್ಪಿನ ಕೆರೊಟಿನಾಯ್ಡ್‌ಗಳು ಹೆಚ್ಚುಕಡಿಮೆ ಸೇರಲೇ ಇಲ್ಲ. ತರಕಾರಿಯ ಸತ್ವ ಮೈಗೆ ಹತ್ತಲು ಎಣ್ಣೆ ಬೇಕು, ಹೊಟ್ಟೆ ನೆಮ್ಮದಿಯಾಗಿರಲು ಫ್ರಕ್ಟಾನ್ ಇಲ್ಲದ ದ್ರವ ಬೇಕು; ಕೊಬ್ಬುರಹಿತ ಬಾಟಲಿ ಎರಡು ಕಡೆಯೂ ಸೋಲುತ್ತದೆ. ಹಾಗೆಂದು ಎಣ್ಣೆಯನ್ನು ಸುರಿಯಿರಿ ಎಂದು ಅರ್ಥವಲ್ಲ. ಕೊಬ್ಬು ಅತಿಯಾದರೆ ಕರುಳಿನಲ್ಲಿ ಗ್ಯಾಸ್ ಸಾಗುವ ವೇಗ ತಗ್ಗುತ್ತದೆ, ಐಬಿಎಸ್ ಇದ್ದವರಿಗೆ ಅದೇ ಒಂದು ತೊಂದರೆ. ಒಬ್ಬರ ಪಾಲಿಗೆ ಒಂದರಿಂದ ಒಂದೂವರೆ ಚಮಚ ಎಣ್ಣೆ ಬಂದರೆ ಸಾಕು.

ಜೇನಿನ ವಿಷಯದಲ್ಲಿ ಜನರ ನಂಬಿಕೆ ಇನ್ನೂ ಗಟ್ಟಿ. ಸಕ್ಕರೆ ಕೆಟ್ಟದ್ದು, ಜೇನು ಒಳ್ಳೆಯದು ಎಂಬ ಮಾತು ಎಲ್ಲ ಮನೆಗಳಲ್ಲೂ ಇದೆ. ಹನಿ-ಮಸ್ಟರ್ಡ್ ಡ್ರೆಸಿಂಗ್ ಅದರ ಮೇಲೆಯೇ ಮಾರಾಟವಾಗುತ್ತದೆ. ಆದರೆ ಸಾಮಾನ್ಯ ಸಕ್ಕರೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸಮಸಮ. ಗ್ಲೂಕೋಸ್ ಜೊತೆಗಿದ್ದರೆ ಫ್ರಕ್ಟೋಸ್ ಸಣ್ಣಕರುಳಿನಲ್ಲಿ ಚೆನ್ನಾಗಿ ಹೀರಿಕೆಯಾಗುತ್ತದೆ, ನಾಟಿಂಗ್‌ಹ್ಯಾಮ್ ಅಧ್ಯಯನದಲ್ಲೂ ಎರಡನ್ನೂ ಬೆರೆಸಿ ಕುಡಿಸಿದಾಗ ಕರುಳಿನ ನೀರು ಕಡಿಮೆಯಾಯಿತು. ಜೇನಿನಲ್ಲಿ ಫ್ರಕ್ಟೋಸ್ ಗ್ಲೂಕೋಸ್‌ಗಿಂತ ಹೆಚ್ಚು. ಮಿಕ್ಕುಳಿದ ಆ ಪಾಲೇ ನೀರನ್ನು ಎಳೆಯುತ್ತದೆ. ಅಮೆರಿಕದಲ್ಲಿ ಬಳಸುವ ಹೈ ಫ್ರಕ್ಟೋಸ್ ಕಾರ್ನ್ ಸಿರಪ್‌ನ ಒಂದು ಬಗೆಯಲ್ಲಿ ಫ್ರಕ್ಟೋಸ್ ಶೇ 55ರಷ್ಟು ಇರುತ್ತದೆ, ಅದೂ ಇದೇ ದಾರಿ. ಮಧುಮೇಹ ಇಲ್ಲದವರು ಡ್ರೆಸಿಂಗ್‌ನ ಹುಳಿ ಮುರಿಯಲು ಚಿಟಿಕೆ ಸಕ್ಕರೆ ಹಾಕಿಕೊಂಡರೆ ಹೊಟ್ಟೆಯ ಲೆಕ್ಕದಲ್ಲಿ ಅದು ಒಂದು ದೊಡ್ಡ ಚಮಚ ಜೇನಿಗಿಂತ ಎಷ್ಟೋ ವಾಸಿ. ಆರೋಗ್ಯದ ಪ್ರಶ್ನೆಗಳಿಗೆ ಒಂದೇ ಮಾನದಂಡ ಇರುವುದಿಲ್ಲ ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ಅಡುಗೆಮನೆಯಲ್ಲಿ ಬೇರೆ ಸಿಗಲಿಕ್ಕಿಲ್ಲ.

ಹೆಸರಾಂತ ಡ್ರೆಸಿಂಗ್‌ಗಳ ಕಥೆಯೂ ನೀರಿನ ಪಾಲಿನದ್ದೇ. ಅಮೆರಿಕದಲ್ಲಿ ಬಹಳ ಜನಪ್ರಿಯವಾದ ರ‍್ಯಾಂಚ್ ಡ್ರೆಸಿಂಗ್ 1950ರ ದಶಕದಲ್ಲಿ ಸ್ಟೀವ್ ಹೆನ್ಸನ್ ಎಂಬಾತ ಕ್ಯಾಲಿಫೋರ್ನಿಯಾದ ತನ್ನ ಹಿಡನ್ ವ್ಯಾಲಿ ರ‍್ಯಾಂಚ್‌ನಲ್ಲಿ ಅತಿಥಿಗಳಿಗೆ ಕೊಡುತ್ತ ಹೆಸರು ಮಾಡಿದ್ದು: ಮಜ್ಜಿಗೆ, ಮೇಯನೇಸ್, ಬೆಳ್ಳುಳ್ಳಿ, ಈರುಳ್ಳಿ. ಲ್ಯಾಕ್ಟೋಸ್ ಮತ್ತು ಫ್ರಕ್ಟಾನ್ ಎರಡೂ ಒಂದೇ ಚಮಚದಲ್ಲಿ. ಸೀಸರ್ ಡ್ರೆಸಿಂಗ್‌ನಲ್ಲಿ ಚೀಸ್ ತೊಂದರೆ ಮಾಡುವುದಿಲ್ಲ, ಹಳೆಯ ಗಟ್ಟಿ ಚೀಸಿನಲ್ಲಿ ಲ್ಯಾಕ್ಟೋಸ್ ಬಹುತೇಕ ಇರುವುದಿಲ್ಲ; ತೊಂದರೆ ಅರೆದ ಬೆಳ್ಳುಳ್ಳಿಯದು. ಮೇಯನೇಸ್ ಕೇಳಿದರೆ ಗಾಬರಿಯಾಗುವ ಐಬಿಎಸ್ ರೋಗಿಗಳಿದ್ದಾರೆ, ಆದರೆ ಎಣ್ಣೆ, ಮೊಟ್ಟೆ, ವಿನೆಗರ್ ಸೇರಿದ ಸಾದಾ ಮೇಯನೇಸ್‌ನಲ್ಲಿ ಫಾಡ್‌ಮ್ಯಾಪ್ ಇಲ್ಲ. ನಮ್ಮ ಅಂಗಡಿಗಳ ಮೊಟ್ಟೆರಹಿತ ಮೇಯನೇಸ್‌ಗಳಲ್ಲಿ ಹಾಲಿನ ಪುಡಿ ಸೇರಿರುವುದುಂಟು, ಲೇಬಲ್ ನೋಡಬೇಕು. ಗೋಡಂಬಿ ಅರೆದು ಮಾಡುವ, ಈಗ ಬೆಂಗಳೂರಿನ ಕೆಫೆಗಳಲ್ಲಿ ಹೆಚ್ಚಾಗಿರುವ ಸಸ್ಯಜನ್ಯ ಡ್ರೆಸಿಂಗ್ ಕೆನೆಯಂತೆ ನುಣುಪಾಗಿದ್ದರೂ ಗೋಡಂಬಿಯೇ ಹೆಚ್ಚು ಫಾಡ್‌ಮ್ಯಾಪ್ ಇರುವ ಬೀಜ. ಅದರ ಬದಲು ಹುರಿದ ಕಡಲೆಕಾಯಿ ಬೀಜವನ್ನು ನಿಂಬೆರಸದ ಜೊತೆ ಅರೆದರೆ ಅದೇ ಗಟ್ಟಿತನ ಬರುತ್ತದೆ, ತೊಂದರೆ ಬರುವುದಿಲ್ಲ.

ಲೇಬಲ್ ಓದುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ. ಬೆಳ್ಳುಳ್ಳಿ ಕೊನೆಯ ಸಾಲಿನಲ್ಲಿದ್ದರೆ ಪರವಾಗಿಲ್ಲ ಎಂದು ಬಿಡುವವರು ಹೆಚ್ಚು. ಮೇಲಿನ ಲೆಕ್ಕವನ್ನು ನೆನೆದರೆ ಕೊನೆಯ ಸಾಲಿನ ಬೆಳ್ಳುಳ್ಳಿ ಪುಡಿಯೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲವಿದೆ: ಅಲ್ಲಿನ ನಿಯಮದ ಪ್ರಕಾರ ಬೆಳ್ಳುಳ್ಳಿ, ಈರುಳ್ಳಿಯನ್ನು ಮಸಾಲೆ ಎಂಬ ಒಟ್ಟು ಹೆಸರಿನಡಿ ಅಡಗಿಸುವಂತಿಲ್ಲ, ಆಹಾರ ಪದಾರ್ಥವಾಗಿ ಹೆಸರಿಸಲೇಬೇಕು. ಭಾರತದಲ್ಲಿ ಮಸಾಲೆ ಪದಾರ್ಥಗಳು ಎಂಬ ಒಂದೇ ಪದ ಕಂಡರೆ ಒಳಗೆ ಬೆಳ್ಳುಳ್ಳಿ ಇಲ್ಲವೆಂದು ಭಾವಿಸದಿರುವುದು ಜಾಣತನ. ಇನ್ನು ಬೆಳ್ಳುಳ್ಳಿ ಎಣ್ಣೆ ಎಂದು ಮಾರುವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎಣ್ಣೆ ತಿಳಿಯಾಗಿ, ತಳದಲ್ಲಿ ಗಸಿಯಿಲ್ಲದೆ, ಚೂರುಗಳಿಲ್ಲದೆ ಇದ್ದರೆ ಸರಿ; ಮಸುಕಾಗಿದ್ದರೆ ಅಥವಾ ಚೂರು ತೇಲುತ್ತಿದ್ದರೆ ಅದನ್ನು ಬಿಡುವುದೇ ಮೇಲು. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಪರೀಕ್ಷೆಗೊಳಗಾದ ಆಹಾರಗಳ ಮೇಲೆ ಮೊನಾಶ್‌ನ ಪ್ರಮಾಣಪತ್ರದ ಗುರುತು ಸಿಗುತ್ತದೆ, ಅದು ದೊಡ್ಡ ಸಹಾಯ.

ಆದರೆ ನಮ್ಮ ಮನೆಗಳಲ್ಲಿ ಬಾಟಲಿಯ ಅಗತ್ಯವೇ ಇಲ್ಲ, ಏಕೆಂದರೆ ಮೆಲ್ಬರ್ನ್‌ನ ಆಹಾರತಜ್ಞರು ಈಗ ಕಲಿಸುತ್ತಿರುವ ಉಪಾಯ ಒಗ್ಗರಣೆ ಸೌಟಿನಲ್ಲಿ ಮೊದಲಿನಿಂದಲೂ ಇದೆ. ಎರಡು ಚಮಚ ಕಡಲೆಕಾಯಿ ಎಣ್ಣೆಯನ್ನು ಸಣ್ಣ ಉರಿಯಲ್ಲಿಟ್ಟು, ಎರಡು ಎಸಳು ಬೆಳ್ಳುಳ್ಳಿಯನ್ನು ಸಿಪ್ಪೆ ತೆಗೆದು ಒಂದೇ ಏಟು ಜಜ್ಜಿ ಇಡಿಯಾಗಿಯೇ ಹಾಕಬೇಕು. ಸಣ್ಣಗೆ ಹೆಚ್ಚಿದರೆ ಆಮೇಲೆ ಪೂರ್ತಿ ಎತ್ತಲಾಗುವುದಿಲ್ಲ. ಅಂಚು ಹೊಂಬಣ್ಣಕ್ಕೆ ತಿರುಗಿ ಘಮ ಬಂದಾಗ ಎಸಳನ್ನು ಒಂದೂ ಚೂರು ಬಿಡದೆ ತೆಗೆದಿಡಬೇಕು. ಆಮೇಲೆ ಉರಿ ಏರಿಸಿ ಸಾಸಿವೆ ಸಿಡಿಸಿ, ಇಂಗು, ಕರಿಬೇವು, ಹಸಿಮೆಣಸಿನಕಾಯಿ ಹಾಕಿ ಒಲೆ ಆರಿಸಬೇಕು. ಹೆಚ್ಚಿದ ತರಕಾರಿಗೆ ಉಪ್ಪು, ನಿಂಬೆರಸ ಬೆರೆಸಿ ಇದನ್ನು ಮೇಲೆ ಹಾಕಿದರೆ ಡ್ರೆಸಿಂಗ್ ಸಿದ್ಧ. ಎಣ್ಣೆ, ಹುಳಿ, ಸಾಸಿವೆ ಎಂದರೆ ಫ್ರೆಂಚರ ವಿನೆಗ್ರೆಟ್ ಕೂಡ ಅದೇ ಮೂರು ಪದಾರ್ಥ. ಇಲ್ಲಿ ಕ್ರಮ ಬಹಳ ಮುಖ್ಯ: ಬೆಳ್ಳುಳ್ಳಿ ಎಣ್ಣೆಯಲ್ಲಿರುವಾಗ ನೀರು, ನಿಂಬೆರಸ, ತರಕಾರಿ ಯಾವುದೂ ಅದಕ್ಕೆ ತಾಗಬಾರದು. ಬೆಳ್ಳುಳ್ಳಿ ಒಗ್ಗರಣೆಯನ್ನು ಎಸಳಿನ ಸಮೇತ ಸಾರಿಗೆ ಸುರಿದಾಗ ಉಪಾಯ ಕೆಡುವುದು ಈ ಕಾರಣಕ್ಕೇ, ಎಸಳಿನ ಫ್ರಕ್ಟಾನ್ ಸಾರಿನ ನೀರಿಗೆ ಇಳಿಯುತ್ತದೆ. ಈರುಳ್ಳಿಯ ರುಚಿ ಬೇಕೆನ್ನುವವರಿಗೆ ಈರುಳ್ಳಿ ಸೊಪ್ಪಿನ ಹಸಿರು ಭಾಗ ಇದೆ. ಬಿಳಿ ಗಡ್ಡೆಯನ್ನು ಮಾತ್ರ ಬಿಡಬೇಕು.

ಈ ಎಣ್ಣೆಯನ್ನು ಒಮ್ಮೆಗೇ ಹೆಚ್ಚು ಮಾಡಿ ಬಾಟಲಿಯಲ್ಲಿ ತುಂಬಿಡೋಣ ಎಂದು ಯಾರಿಗಾದರೂ ಅನ್ನಿಸಿದರೆ ಅದು ನಿಜಕ್ಕೂ ಅಪಾಯ. ಬೆಳ್ಳುಳ್ಳಿಯ ಮೇಲೆ ಮಣ್ಣಿನಿಂದ ಬಂದ ಬಾಟ್ಯುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು; ಗಾಳಿಯಾಡದ, ಹುಳಿಯಿಲ್ಲದ ಎಣ್ಣೆಯೊಳಗೆ, ಕೋಣೆಯ ಶಾಖದಲ್ಲಿ ಅವು ಬೆಳೆದು ವಿಷ ಉಂಟುಮಾಡುತ್ತವೆ. ಕೆನಡಾದ ವ್ಯಾಂಕೂವರ್‌ನಲ್ಲಿ 1985ರಲ್ಲಿ ಎಣ್ಣೆಯಲ್ಲಿಟ್ಟ ಹೆಚ್ಚಿದ ಬೆಳ್ಳುಳ್ಳಿಯಿಂದ ಹಲವರು ಬಾಟ್ಯುಲಿಸಂಗೆ ತುತ್ತಾದರು, 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲೂ ಅಂಥದೇ ಪ್ರಕರಣ ನಡೆಯಿತು. ಅಂಗಡಿಯ ಎಣ್ಣೆಯನ್ನು ಈ ಅಪಾಯ ತಪ್ಪಿಸುವ ಕ್ರಮದಲ್ಲಿ ತಯಾರಿಸುತ್ತಾರೆ. ಮನೆಯಲ್ಲಿ ಮಾಡಿದ್ದನ್ನು ಆಗಲೇ ಬಳಸಬೇಕು, ಉಳಿದರೆ ಫ್ರಿಜ್‌ನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಬೇಕು. ಹೊತ್ತಿನ ಊಟಕ್ಕೆ ಹೊತ್ತಿನ ಒಗ್ಗರಣೆ ಹಾಕುವ ನಮ್ಮ ರೂಢಿ ಇಲ್ಲಿಯೂ ಸುರಕ್ಷಿತ. ಇಂಗಿನ ಬಗ್ಗೆಯೂ ಒಂದು ಮಾತು. ಬೆಳ್ಳುಳ್ಳಿಯ ಜಾಗ ತುಂಬುವ ಶಕ್ತಿ ಅದಕ್ಕಿದೆ. ಮಾರುಕಟ್ಟೆಯ ಇಂಗಿನ ಪುಡಿಯಲ್ಲಿ ಗೋಂದು ಮತ್ತು ಮೈದಾ ಅಥವಾ ಅಕ್ಕಿಹಿಟ್ಟು ಬೆರೆತಿರುತ್ತದೆ. ಚಿಟಿಕೆಯಲ್ಲಿ ಬರುವ ಮೈದಾದ ಫ್ರಕ್ಟಾನ್ ಗಣನೆಗೆ ಬರುವಷ್ಟಿಲ್ಲ, ಆದರೆ ಗೋಧಿಯ ಗ್ಲುಟೆನ್ ಎಂಬ ಪ್ರೋಟೀನನ್ನು ದೇಹ ಸಹಿಸದ ಸೀಲಿಯಾಕ್ ಕಾಯಿಲೆ ಇರುವವರಿಗೆ ಅಷ್ಟು ಗೋಧಿಯೂ ಆಗದು. ಅವರು ಅಕ್ಕಿಹಿಟ್ಟಿನ ಇಂಗನ್ನೇ ಹುಡುಕಬೇಕು.

ಹಾಗಾದರೆ ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಸಾತ್ವಿಕ ಅಡುಗೆಯೇ ಕಡಿಮೆ ಫಾಡ್‌ಮ್ಯಾಪ್ ಆಹಾರವಲ್ಲವೇ ಎಂದು ಕೇಳುವವರಿದ್ದಾರೆ. ಅರ್ಧ ಮಾತ್ರ ಹೌದು. ದೊಡ್ಡ ಫ್ರಕ್ಟಾನ್ ಮೂಲಗಳೆರಡು ಹೋದವು ನಿಜ, ಆದರೆ ತೊಗರಿಬೇಳೆಯ ಸಾರು, ಕಡಲೆಕಾಳಿನ ಉಸಲಿ, ಹಾಲಿನ ಪಾಯಸ, ಗೋಧಿ ಚಪಾತಿ ಎಲ್ಲ ಹಾಗೆಯೇ ಉಳಿದವು. ಕೋಸಂಬರಿಯನ್ನೇ ತೆಗೆದುಕೊಳ್ಳಿ. ಅದರ ಡ್ರೆಸಿಂಗ್ ನಿಷ್ಕಳಂಕ: ನಿಂಬೆ, ಸಾಸಿವೆ, ಇಂಗು, ಹಿಡಿ ಕಾಯಿತುರಿ. ಆದರೆ ಹೆಸರುಬೇಳೆಯ ಪ್ರಮಾಣ ಮೀರಿದರೆ ಗ್ಯಾಲಕ್ಟೊ-ಆಲಿಗೊಸ್ಯಾಕರೈಡ್ ಕೈಕೊಡುತ್ತದೆ. ಅಲ್ಲಿಯೂ ನೀರಿನ ನಿಯಮವೇ ದಾರಿ ತೋರಿಸುತ್ತದೆ. ಬೇಳೆಯ ಈ ಸಕ್ಕರೆಯೂ ನೀರಿಗೆ ಇಳಿಯುವಂಥದ್ದು, ಹಾಗಾಗಿ ಚೆನ್ನಾಗಿ ನೆನೆಸಿ ನೀರನ್ನು ಪೂರ್ತಿ ಬಸಿದು, ಮತ್ತೊಮ್ಮೆ ತೊಳೆದರೆ ಒಂದಷ್ಟು ಹೋಗುತ್ತದೆ. ಸೌತೆಕಾಯಿ ಮುಂದಾಗಿ ಬೇಳೆ ಹಿಂದಾದ ಕೋಸಂಬರಿಯನ್ನು ಬಹುಪಾಲು ಐಬಿಎಸ್ ರೋಗಿಗಳು ಅರಗಿಸಿಕೊಳ್ಳಬಲ್ಲರು. ಮೊಸರುಬಜ್ಜಿ ಇಷ್ಟಪಡುವವರಿಗೆ ಈರುಳ್ಳಿ ತೆಗೆದ ಮೇಲೆ ಉಳಿಯುವ ಪ್ರಶ್ನೆ ಲ್ಯಾಕ್ಟೋಸ್. ಹೆಪ್ಪಾಗುವಾಗ ಹಾಲಿನ ಲ್ಯಾಕ್ಟೋಸ್ ಕೊಂಚ ತಗ್ಗುತ್ತದೆ, ಮೊಸರಿನ ಜೀವಂತ ಬ್ಯಾಕ್ಟೀರಿಯಾಗಳು ಉಳಿದದ್ದನ್ನು ಅರಗಿಸಲು ನೆರವಾಗುತ್ತವೆ, ಆದರೂ ಅದು ಶೂನ್ಯವಾಗುವುದಿಲ್ಲ. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರಿನಲ್ಲಿ ಇನ್ನೂ ಕಡಿಮೆ, ಏಕೆಂದರೆ ಲ್ಯಾಕ್ಟೋಸ್ ಆ ತಿಳಿನೀರಿನೊಂದಿಗೆ ಹೋಗುತ್ತದೆ. ಎರಡು ಚಮಚ ಗಟ್ಟಿ ಮೊಸರಿನ ಡ್ರೆಸಿಂಗ್ ಹೆಚ್ಚಿನವರಿಗೆ ತೊಂದರೆಯಾಗದು; ಒಂದು ಬಟ್ಟಲು ಸಾದಾ ಮೊಸರು ಬೇರೆಯೇ ಮಾತು.

ಇದಕ್ಕಿಂತ ಗಂಭೀರವಾದ ಆಕ್ಷೇಪ ಈ ಆಹಾರಕ್ರಮದ ಮೇಲೆಯೇ ಇದೆ. ಸ್ವೀಡನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 75 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಕಡಿಮೆ ಫಾಡ್‌ಮ್ಯಾಪ್ ಕ್ರಮ, ಇನ್ನೊಂದಕ್ಕೆ ಹಳೆಯ ಸಲಹೆ ಕೊಟ್ಟರು: ಹೊತ್ತಿಗೆ ಸರಿಯಾಗಿ ಉಣ್ಣಿ, ಒಂದೇ ಸಲ ಹೆಚ್ಚು ತಿನ್ನಬೇಡಿ, ಕೊಬ್ಬು, ಕಾಫಿ, ಖಾರ ಮಿತವಾಗಿರಲಿ. ಎರಡೂ ಗುಂಪಿನಲ್ಲಿ ಸುಮಾರು ಅರ್ಧದಷ್ಟು ಜನ ಸುಧಾರಿಸಿದರು, ಯಾವುದೂ ಮೇಲುಗೈ ಸಾಧಿಸಲಿಲ್ಲ. ಈ ಫಲಿತಾಂಶವನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಫಾಡ್‌ಮ್ಯಾಪ್ ಕಡಿತವನ್ನು ಎಲ್ಲರಿಗೂ ಮೊದಲ ಮದ್ದಾಗಿ ಕೊಡಬಾರದು, ಸರಳ ಸಲಹೆಯಿಂದಲೇ ಗುಣ ಕಾಣುವವರು ಅಷ್ಟಕ್ಕೇ ನಿಲ್ಲಬಹುದು ಎಂದು ಅದು ಹೇಳುತ್ತದೆ. ಆದರೆ ಸರಳ ಸಲಹೆಯಿಂದ ಗುಣ ಕಾಣದ ಇನ್ನರ್ಧ ಜನರಿಗೆ ದಾರಿ ಬೇಕಲ್ಲ? ಅವರಿಗೆ ಡ್ರೆಸಿಂಗ್ ಬದಲಿಸುವುದು ಸಣ್ಣ ಹೆಜ್ಜೆ, ಖರ್ಚಿಲ್ಲದ ಹೆಜ್ಜೆ. ಗೋಧಿ, ಬೇಳೆ, ಹಾಲು ಎಲ್ಲವನ್ನೂ ಒಮ್ಮೆಗೇ ಬಿಟ್ಟು ಕಂಗಾಲಾಗುವ ಮೊದಲು ನೀರಿನ ಪಾಲಿನಲ್ಲಿನ ಬೆಳ್ಳುಳ್ಳಿ-ಈರುಳ್ಳಿಯನ್ನು ಮಾತ್ರ ಬಿಟ್ಟು ನೋಡುವುದು ಎಷ್ಟೋ ಜನರಿಗೆ ಸಾಕಾಗಬಹುದು. ಗೋಧಿ ತಿಂದರೆ ಆಗುವುದಿಲ್ಲ, ಗ್ಲುಟೆನ್ ಕಾರಣ ಎಂದು ನಂಬಿದ್ದ 59 ಜನರ ಮೇಲೆ ನಾರ್ವೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೊಂದರೆ ಹೆಚ್ಚಿಸಿದ್ದು ಗ್ಲುಟೆನ್ ಅಲ್ಲ, ಫ್ರಕ್ಟಾನ್. ತಪ್ಪು ಕಾರಣ ಹಿಡಿದರೆ ಬಿಡಬೇಕಿಲ್ಲದ್ದನ್ನು ಬಿಡುತ್ತೇವೆ, ಬಿಡಬೇಕಾದದ್ದು ಡ್ರೆಸಿಂಗ್‌ನಲ್ಲಿ ಉಳಿದುಬಿಡುತ್ತದೆ.

ಬೆಳ್ಳುಳ್ಳಿ-ಈರುಳ್ಳಿಯ ಫ್ರಕ್ಟಾನ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳ ಆಹಾರ, ಅದನ್ನು ಬಿಡುವುದು ತಪ್ಪಲ್ಲವೇ ಎಂಬ ವಾದವೂ ಸರಿಯಾದದ್ದೇ. ಲಂಡನ್ನಿನ ಕಿಂಗ್ಸ್ ಕಾಲೇಜಿನವರ 2012ರ ಅಧ್ಯಯನದಲ್ಲಿ ನಾಲ್ಕು ವಾರ ಫಾಡ್‌ಮ್ಯಾಪ್ ತಗ್ಗಿಸಿದವರ ಕರುಳಿನಲ್ಲಿ ಬಿಫಿಡೊಬ್ಯಾಕ್ಟೀರಿಯಾ ಕಡಿಮೆಯಾದವು. ಅದಕ್ಕಾಗಿಯೇ ಸೀಮಿತ ಅವಧಿ ಎಂದದ್ದು. ಕಟ್ಟುನಿಟ್ಟಿನ ಹಂತ ಎರಡರಿಂದ ಆರು ವಾರ. ಅಷ್ಟರಲ್ಲಿ ಗುಣ ಕಾಣದಿದ್ದರೆ ಈ ದಾರಿ ತಮ್ಮದಲ್ಲವೆಂದು ಬಿಡಬೇಕು, ಗುಣ ಕಂಡರೆ ಒಂದೊಂದಾಗಿ ಮರಳಿ ತರಬೇಕು. ಇದನ್ನು ಆಹಾರತಜ್ಞರ ಜೊತೆಗೂಡಿ ಮಾಡುವುದು ಒಳ್ಳೆಯದು. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ರಕ್ತಹೀನತೆ ಇದ್ದರೆ, ಐವತ್ತು ದಾಟಿದ ಮೇಲೆ ಮೊದಲ ಸಲ ಇಂಥ ತೊಂದರೆ ಶುರುವಾದರೆ ಡ್ರೆಸಿಂಗ್ ಯೋಚನೆ ಆಮೇಲೆ, ಮೊದಲು ವೈದ್ಯರು. ಗೋಧಿ ಬಿಡುವ ಮೊದಲು ಸೀಲಿಯಾಕ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಿಟ್ಟ ಮೇಲೆ ಮಾಡಿಸಿದರೆ ಫಲಿತಾಂಶ ನೆಚ್ಚುವಂತಿರುವುದಿಲ್ಲ.

ಮರಳಿ ತರುವ ಹಂತಕ್ಕೆ ಸಲಾಡ್ ಬಟ್ಟಲಿನಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ, ಏಕೆಂದರೆ ಅದರಲ್ಲಿರುವ ಎಲ್ಲವೂ ನಮಗೆ ಗೊತ್ತು. ಆಗಿಬಂದ ತರಕಾರಿ, ಅದೇ ಎಣ್ಣೆ, ಅದೇ ನಿಂಬೆ. ಬದಲಾಗುವುದು ಒಂದೇ ವಸ್ತು. ಮೊದಲ ದಿನ ಕಾಲು ಎಸಳು ಬೆಳ್ಳುಳ್ಳಿಯನ್ನು ನಿಂಬೆರಸದಲ್ಲಿ ಅರೆದು ಬೆರೆಸಿ ನೋಡುವುದು, ಎರಡನೆಯ ದಿನ ಅರ್ಧ, ಮೂರನೆಯ ದಿನ ಒಂದು. ಎಲ್ಲಿ ನೋವು ಶುರುವಾಯಿತೋ ಅಲ್ಲಿಗೆ ನಿಲ್ಲಿಸಿ, ಎರಡು-ಮೂರು ದಿನ ಬಿಡುವು ಕೊಟ್ಟು, ಮುಂದಿನ ಗುಂಪಿಗೆ ಹೋಗುವುದು: ಜೇನು ಒಂದು ಚಮಚದಿಂದ ಮೇಲಕ್ಕೆ, ಆಮೇಲೆ ಮೊಸರು. ಹೀಗೆ ಮಾಡಿದವರಲ್ಲಿ ಅನೇಕರಿಗೆ ತಮ್ಮ ಹೊಟ್ಟೆ ಒಪ್ಪದ್ದು ಬೆಳ್ಳುಳ್ಳಿ ಮಾತ್ರ, ಜೇನು-ಮೊಸರಿನ ತಂಟೆಯೇ ಇಲ್ಲ ಎಂದು ತಿಳಿಯುತ್ತದೆ. ಕೆಲವರಿಗೆ ಅರ್ಧ ಎಸಳಿನವರೆಗೆ ಏನೂ ಆಗುವುದಿಲ್ಲ. ಅಂಥವರು ಅರ್ಧ ಎಸಳನ್ನು ಎಣ್ಣೆಯಿಂದ ತೆಗೆಯದೆ ಹಾಗೆಯೇ ಬಿಡಬಹುದು.